ದಾವಣಗೆರೆಯಿಂದ ಲಕ್ಷದ್ವೀಪ: ಹಡಗೋ, ವಿಮಾನವೋ?

ಪಿ.ಜೆ. ಬಡಾವಣೆ, ದಾವಣಗೆರೆ:
ಜನವರಿಯಲ್ಲಿ ನಾಲ್ಕು ಜನ ಹೊರಟಿದ್ದೇವೆ, ಅಮ್ಮನಿಗೆ ಮಂಡಿನೋವು. ಕೊಚ್ಚಿಗೆ ಹೋಗಿ ಹಡಗು ಹತ್ತೋದಾ, ಬೆಂಗಳೂರಿಂದ ವಿಮಾನವಾ? ದ್ವೀಪಕ್ಕೆ ಹೋಗೋಕೆ ಬೇಕಾದ ಪರ್ಮಿಟ್ ಮೊದಲೋ ಟಿಕೆಟ್ ಮೊದಲೋ? ಮಂಗಳೂರಿಂದಲೂ ಹಡಗು ಇದೆ ಅಂತಾರೆ, ಹೌದಾ?

ದುರ್ಗದ ಬಂಡೆ:
ಪರ್ಮಿಟ್ ಮೊದಲು ಮಾಡಿಸ್ರಿ. ಅದಿಲ್ಲದೆ ಹಡಗೂ ಹತ್ತಿಸಲ್ಲ, ವಿಮಾನವೂ ಹತ್ತಿಸಲ್ಲ. ಸ್ವಂತವಾಗಿ ಹೋಗೋದಾದರೆ ಪೊಲೀಸ್ ಪರಿಶೀಲನಾ ಪತ್ರ ಬೇಕು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಅರ್ಜಿಯಲ್ಲಿ ಬರೀ ಅಕ್ಷರ ಹಾಕಿದರೆ ಅಲ್ಲೇ ತಕರಾರು. ಪರ್ಮಿಟ್‌ನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿ ಮಾತ್ರ ಇಳಿಯಬಹುದು. ಲಕ್ಷದ್ವೀಪ ಆಡಳಿತದ ಪ್ಯಾಕೇಜ್ ತಗೊಂಡರೆ ಪರ್ಮಿಟ್ ಕೆಲಸ ಅವರೇ ನೋಡ್ಕೋತಾರೆ.

ಎರ್ನಾಕುಲಂ (ಕೊಚ್ಚಿ) ಮೂಲಕ ಹೋಗುವ ಹುಬ್ಬಳ್ಳಿ–ಕೊಚ್ಚುವೇಳಿ (ಈಗ ತಿರುವನಂತಪುರಂ ನಾರ್ತ್) ರೈಲು ದಾವಣಗೆರೆಯಲ್ಲಿ ನಿಲ್ಲುತ್ತೆ, ಆದರೆ ವಾರಕ್ಕೊಂದೇ. ಹಡಗಿನ ತಾರೀಖಿಗೆ ಕೂಡಿಬರೋದು ಕಷ್ಟ. ಬೆಂಗಳೂರಿಂದ ಎರ್ನಾಕುಲಂ ಇಂಟರ್‌ಸಿಟಿ ಬೆಳಗ್ಗೆ ಹೊರಟು ಸಂಜೆ ಮುಟ್ಟಿಸುತ್ತೆ. ಹಡಗಿನ ಹಿಂದಿನ ದಿನವೇ ಕೊಚ್ಚಿಯಲ್ಲಿರಿ. ವಾಪಸ್ ರೈಲನ್ನೂ ಹಡಗು ಬರುವ ದಿನಕ್ಕೇ ಬುಕ್ ಮಾಡಬೇಡಿ, ಹವಾಮಾನ ಕೆಟ್ಟರೆ ಹಡಗು ತಡವಾಗುತ್ತೆ.

ಬಂದರು ಕಡೆಯವರು:
ಕೊಚ್ಚಿಯಿಂದ ಲಕ್ಷದ್ವೀಪದ ರಾಜಧಾನಿ ಕವರತ್ತಿ ಸುಮಾರು 400 ಕಿ.ಮೀ. ದ್ವೀಪ ಯಾವುದು ಅನ್ನೋದರ ಮೇಲೆ ಹಡಗಲ್ಲಿ 14ರಿಂದ 18 ತಾಸು. ಫಸ್ಟ್ ಕ್ಲಾಸ್‌ನಲ್ಲಿ ಇಬ್ಬರ ಕ್ಯಾಬಿನ್, ಸೆಕೆಂಡ್‌ನಲ್ಲಿ ನಾಲ್ವರದು, ಅದರ ಕೆಳಗಿನ ದರ್ಜೆಯಲ್ಲಿ ಹಿಂದಕ್ಕೆ ಬಾಗುವ ಸೀಟು. ಅಮ್ಮನಿಗೆ ಸೀಟು ಬೇಡವೇ ಬೇಡ.

ನಿಜವಾದ ಕಷ್ಟ ಇಳಿಯುವಾಗ. ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಲಗೂನಿನಲ್ಲಿ ನೀರು ಆಳವಿಲ್ಲ, ಹಾಗಾಗಿ ಹಲವು ಕಡೆ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತೆ. ಹಡಗಿನ ಪಕ್ಕದ ಬಾಗಿಲಿಂದ ಸಣ್ಣ ದೋಣಿಗೆ ಕಾಲಿಡಬೇಕು. ದೋಣಿ ಅಲೆಗೆ ಏರಿಳೀತಾನೇ ಇರುತ್ತೆ. ಮೇಲೆ ಬಂದು ಬಾಗಿಲಿಗೆ ಸಮ ನಿಂತ ಕ್ಷಣ ಸಿಬ್ಬಂದಿ ಕೈ ಹಿಡಿದು ದಾಟಿಸ್ತಾರೆ. ದೋಣಿ ಕೆಳಗಿಳಿಯುವಾಗ ಕಾಲು ಚಾಚಿದರೆ ಬಿದ್ದಂತೆಯೇ. ಎರಡೂ ಕೈ ಖಾಲಿ ಇರಲಿ, ಸೂಟ್‌ಕೇಸ್ ಬದಲು ಬೆನ್ನಿಗೆ ಹಾಕೋ ಚೀಲ ಒಯ್ಯಿರಿ. ಲಕ್ಷದ್ವೀಪ ಆಡಳಿತದ ಐದು ದಿನದ ‘ಸಮುದ್ರಂ’ ಪ್ಯಾಕೇಜ್‌ನಲ್ಲಿ ಹಗಲು ದ್ವೀಪ, ರಾತ್ರಿ ಹಡಗು. ಮೂರು ದ್ವೀಪ ಅಂದರೆ ಮೂರು ಸಲ ಇಳಿದು ಮೂರು ಸಲ ಹತ್ತಬೇಕು. ಮಂಡಿನೋವಿಗೆ ಅದು ಸರಿಯಲ್ಲ.

ಹೈವೇ 48:
ಹಾಗಾದರೆ ವಿಮಾನವೇ ವಾಸಿ. ಲಕ್ಷದ್ವೀಪಕ್ಕೆಲ್ಲ ಇರೋದು ಅಗತ್ತಿಯ ಒಂದೇ ವಿಮಾನ ನಿಲ್ದಾಣ. ರನ್‌ವೇ ಸುಮಾರು 1,200 ಮೀಟರ್, ಅದಕ್ಕೇ ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ. ಲಗೇಜಿನ ತೂಕದ ಮಿತಿಯನ್ನು ಟಿಕೆಟ್‌ನಲ್ಲಿ ಓದಿಕೊಂಡೇ ಚೀಲ ಕಟ್ಟಿ. ಬೆಂಗಳೂರು–ಅಗತ್ತಿ ನೇರ ವಿಮಾನ 2024ರ ಮಾರ್ಚ್ 31ರಂದು ಶುರುವಾಯಿತು. ನಿಮ್ಮ ತಾರೀಖಿಗೆ ಇದೆಯಾ ನೋಡಿ, ಇಲ್ಲದಿದ್ದರೆ ಕೊಚ್ಚಿ ಮೂಲಕ. ಕಾರಲ್ಲಿ ಹೋದರೆ ಬೆಂಗಳೂರೊಳಗೆ ನುಗ್ಗಬೇಡಿ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ.

ಮಂಗಳೂರಿನ ಹಳೇ ಬಂದರಿಂದ ಹೋಗೋದು ಹೆಚ್ಚಾಗಿ ತರಕಾರಿ, ಸಿಮೆಂಟ್, ಜಲ್ಲಿ ಹೊರುವ ಮಂಜಿ ಎಂಬ ಸರಕು ದೋಣಿಗಳು. 2024ರ ಮೇನಲ್ಲಿ ಪ್ರಯಾಣಿಕರ ವೇಗದ ಹಡಗೊಂದು ಬಂದಿತ್ತು, ಅದನ್ನು ನಂಬಿ ರಜೆ ಹಾಕಬೇಡಿ.

ಬಂದರು ಕಡೆಯವರು:
ಹಡಗಲ್ಲೇ ಹೋಗೋದಾದರೆ ವಾಂತಿ ಮಾತ್ರೆ ಹೊರಡುವ ಒಂದು ತಾಸು ಮೊದಲೇ ಆಗಲಿ, ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಅಮ್ಮ ಬೇರೆ ಮಾತ್ರೆ ತಗೋತಿದ್ದರೆ ಡಾಕ್ಟರನ್ನು ಕೇಳಿ. ದೋಣಿಗೆ ಇಳಿಯುವ ಬೆಳಗ್ಗೆ ಮಾತ್ರ ಕೊಡಬೇಡಿ, ಅದರಿಂದ ತೂಕಡಿಕೆ ಬರುತ್ತೆ.