‘ಹೊಗೆಮಂಜು’ ಸಾಕೇ? ಪಿಎಂ 2.5ಕ್ಕೆ ಯಾವ ಪದ?

ಬಳಗದವರಿಗೆ ನಮಸ್ಕಾರ.

ದೆಹಲಿಯಲ್ಲಿ ನೆಲೆಸಿರುವ ಕನ್ನಡದ ಹಿರಿಯರಿಗಾಗಿ ಚಳಿಗಾಲದ ಗಾಳಿಯ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಎರಡು ಪದಗಳು ನನ್ನನ್ನು ಕಟ್ಟಿಹಾಕಿವೆ.

ಮೊದಲನೆಯದು ‘ಸ್ಮಾಗ್’. ಪತ್ರಿಕೆಗಳಲ್ಲಿ ‘ಹೊಗೆಮಂಜು’ ಎಂದಿರುತ್ತದೆ, ಅಪರೂಪಕ್ಕೆ ‘ಹೊಂಜು’ ಎಂದೂ ಓದಿದ್ದೇನೆ. ಹೊಂಜು ಅಡಕವಾದ ಪದ, ನನಗೆ ಇಷ್ಟ. ಆದರೆ ಹೊಗೆಮಂಜು ಎಂದಾಗ ಕೇಳುವವರ ಕಿವಿಯಲ್ಲಿ ಉಳಿಯುವುದು ಮಂಜು ಮಾತ್ರ. ಮಡಿಕೇರಿಯಲ್ಲಿ ಬೆಳೆದ ನಮ್ಮ ಅತ್ತೆ ನವೆಂಬರಿನ ಒಂದು ಬೆಳಿಗ್ಗೆ, “ಮಂಜು ತಾನೇ, ಬಿಸಿಲೇರಿದರೆ ಕರಗುತ್ತದೆ” ಎನ್ನುತ್ತಾ ವಾಕಿಂಗ್ ಹೊರಟೇಬಿಟ್ಟರು. ವಾಯು ಗುಣಮಟ್ಟ ಸೂಚ್ಯಂಕ ಅಂದು 400 ದಾಟಿತ್ತು, ಅಂದರೆ ಗಾಳಿ ತೀರಾ ಹದಗೆಟ್ಟಿತ್ತು. ವಾಹನ, ಕಾರ್ಖಾನೆಗಳ ಹೊಗೆಯ ಜೊತೆಗೆ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆ ಸುಟ್ಟ ಹೊಗೆಯೂ ಸೇರಿ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕವಿದು, ಎಲ್ಲವೂ ನೆಲದ ಹತ್ತಿರವೇ ನಿಂತುಬಿಡುವ ಕಾಲ ಅದು.

ಎರಡನೆಯದು ಇನ್ನೂ ಕಷ್ಟದ್ದು, ‘ಪಿಎಂ 2.5’, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು. ‘ಕಣರೂಪದ ವಸ್ತು’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ದೂಳು’ ಎಂದರೆ ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿದರೆ ಸಾಕೆಂದುಕೊಳ್ಳುತ್ತಾರೆ. ದೂಳು ಗುಡಿಸಿದರೆ ಹೋಗುತ್ತದೆ. ಇದು ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದು, ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಬಟ್ಟೆಯ ಎಳೆಗಳ ನಡುವೆ ನುಸುಳಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಉಬ್ಬಸವಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಹೆಚ್ಚುತ್ತದೆ. ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಇಷ್ಟನ್ನೂ ‘ದೂಳು’ ಎಂಬ ಸಾಧು ಪದ ಹೊರಲಾರದು.

‘ಇಲ್ಲಣ’ ನೆನಪಾಯಿತು. ಒಲೆಯ ಮೇಲಿನ ಅಟ್ಟದಲ್ಲಿ, ಜಂತಿಗಳಲ್ಲಿ ಜೋತಾಡುವ ಕಪ್ಪು ಮಸಿ. ಉರಿಯಿಂದ ಹುಟ್ಟಿದ್ದು ಎಂಬ ಅರ್ಥ ಅದರೊಳಗೇ ಇದೆ, ಸೌದೆ ಒಲೆ ಊದಿದವರಿಗೆ ಅದರ ಕೆಮ್ಮೂ ಗೊತ್ತು. ಆದರೆ ಇಲ್ಲಣ ಕಣ್ಣಿಗೆ ಕಾಣುತ್ತದೆ, ಇದು ಕಾಣದು. ಮೇಲಾಗಿ ಪಿಎಂ 2.5ರಲ್ಲಿ ಮಸಿ ಒಂದು ಪಾಲು ಮಾತ್ರ. ಅನಿಲಗಳಿಂದ ಗಾಳಿಯಲ್ಲೇ ರೂಪುಗೊಳ್ಳುವ ಸಲ್ಫೇಟ್, ನೈಟ್ರೇಟ್ ಕಣಗಳೂ ಇವೆ. ಹಾಗಾಗಿ ‘ಗಾಳಿಯ ಇಲ್ಲಣ’ ಎಂದರೆ ತಪ್ಪಾದೀತೇ, ಅಥವಾ ಹಿರಿಯರಿಗೆ ಮುಟ್ಟಿಸಲು ಅಷ್ಟು ಸಡಿಲ ಸಲ್ಲುತ್ತದೆಯೇ?

ನಿಮ್ಮ ಸೀಮೆಯಲ್ಲಿ ಇಲ್ಲಣಕ್ಕೆ ಏನನ್ನುತ್ತಾರೆ? ಕಣ್ಣಿಗೆ ಕಾಣದ, ಉಸಿರಲ್ಲಿ ಮಾತ್ರ ತಿಳಿಯುವ ಹುಡಿಗೆ ಬೇರೆ ಮಾತಿದೆಯೇ? ಪತ್ರ ದೀಪಾವಳಿಗೆ ಮೊದಲೇ ಅಚ್ಚಾಗಬೇಕು.