‘ಓಶನ್ಸ್ ಇಲೆವೆನ್’: ಇಷ್ಟು ತಾರೆಯರು ಸೇರಿದ ಚಿತ್ರದ ಬಗ್ಗೆ ಅಭಿಪ್ರಾಯ ಇಷ್ಟೇಕೆ ಒಡೆಯುತ್ತದೆ?

ಕೋಡಿಬಾಗ ವಾಸಿ (ಕಾರವಾರ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕೋಡಿಬಾಗದಲ್ಲಿ ಏಳೆಂಟು ಮಂದಿ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಚಿತ್ರ ನೋಡಿ, ಆಮೇಲೆ ಚಹಾ ಕುಡಿಯುತ್ತ ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕಳೆದ ಭಾನುವಾರ ನಮ್ಮ ಮನೆಯ ಸರದಿ ಇತ್ತು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶಿಸಿ 2001ರ ಡಿಸೆಂಬರಿನಲ್ಲಿ ತೆರೆಕಂಡ ‘ಓಶನ್ಸ್ ಇಲೆವೆನ್’ ಚಿತ್ರವನ್ನು ನಾನೇ ಆರಿಸಿದ್ದೆ. ಜಾರ್ಜ್ ಕ್ಲೂನಿ, ಬ್ರಾಡ್ ಪಿಟ್, ಮ್ಯಾಟ್ ಡೇಮನ್, ಜೂಲಿಯಾ ರಾಬರ್ಟ್ಸ್, ಆ್ಯಂಡಿ ಗಾರ್ಸಿಯಾ, ಡಾನ್ ಚೀಡಲ್, ಬರ್ನಿ ಮ್ಯಾಕ್, ಎಲಿಯಟ್ ಗೌಲ್ಡ್, ಕಾರ್ಲ್ ರೈನರ್ ಇವರೆಲ್ಲ ಒಂದೇ ಚಿತ್ರದಲ್ಲಿ ಇದ್ದಾರೆಂದರೆ ಯಾರಿಗೂ ಬೇಸರವಾಗದು ಎಂಬ ಧೈರ್ಯ ನನಗಿತ್ತು.

ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಸೆರೆಮನೆಯಿಂದ ಆಗಷ್ಟೇ ಹೊರಬಂದ ಡ್ಯಾನಿ ಓಶನ್ ಎಂಬಾತ ತಾನೂ ಸೇರಿ ಹನ್ನೊಂದು ಮಂದಿಯ ತಂಡ ಕಟ್ಟುತ್ತಾನೆ. ಲಾಸ್ ವೇಗಸ್ಸಿನ ಬೆಲಾಜಿಯೊ, ಮಿರಾಜ್, ಎಂಜಿಎಂ ಗ್ರ್ಯಾಂಡ್ ಎಂಬ ಮೂರು ಕ್ಯಾಸಿನೊಗಳ ಹಣವೆಲ್ಲ ಬಂದು ಸೇರುವ ನೆಲದಡಿಯ ಖಜಾನೆಯನ್ನು, ದೊಡ್ಡ ಬಾಕ್ಸಿಂಗ್ ಪಂದ್ಯ ನಡೆಯುವ ರಾತ್ರಿ, ಅಂದರೆ ಅಲ್ಲಿ 15 ಕೋಟಿ ಡಾಲರಿಗೂ ಹೆಚ್ಚು ನಗದು ಇರುವ ರಾತ್ರಿ, ಬರಿದು ಮಾಡುವುದು ಅವರ ಯೋಜನೆ.

ಚಿತ್ರ ಮುಗಿದ ಮೇಲೆ ಮನೆ ಎರಡು ಪಾಲಾಯಿತು. ನಮ್ಮ ಭಾವನವರಿಗೆ ಇದು ಹತ್ತು ಸಲ ನೋಡಬಹುದಾದ ಚಿತ್ರ. ಸುಮಾರು 8.5 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಸುಮಾರು 45 ಕೋಟಿ ಡಾಲರ್ ಗಳಿಸಿದ್ದು ಸುಮ್ಮನೆ ಅಲ್ಲ ಎಂಬುದು ಅವರ ವಾದ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಮಾತ್ರ, ಇಷ್ಟು ದೊಡ್ಡ ಕಳ್ಳತನದಲ್ಲಿ ಕಳ್ಳರ ಹಣೆಯ ಮೇಲೆ ಬೆವರೇ ಕಾಣುವುದಿಲ್ಲ, ಅವರು ಸಿಕ್ಕಿಬೀಳಬಹುದೆಂಬ ಭಯ ತಮಗೆ ಒಮ್ಮೆಯೂ ಹುಟ್ಟಲಿಲ್ಲ, ಭಯವಿಲ್ಲದ ಮೇಲೆ ಇದು ಚೆಂದದ ಬಟ್ಟೆ ತೊಟ್ಟ ಚೆಂದದ ಜನರ ಮೆರವಣಿಗೆ ಅಷ್ಟೇ ಎಂದರು. ನನಗೆ ಎರಡೂ ಮಾತು ಸರಿ ಎನಿಸಿ ರಾತ್ರಿ ಬಹಳ ಹೊತ್ತು ಅದೇ ಯೋಚನೆಯಾಯಿತು. ತಮಗೆಲ್ಲ ಏನನ್ನಿಸಿತು? ದಯವಿಟ್ಟು ಕಾರಣ ಸಹಿತ ಬರೆಯಿರಿ. ಚಿತ್ರದ ಗುಟ್ಟುಗಳೆಲ್ಲ ಕೆಳಗೆ ಬಯಲಾಗಬಹುದು, ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹೊನ್ನಾವರದ ಪ್ರೇಕ್ಷಕ:

ತಮ್ಮ ಮಾಸ್ತರರ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರು ಈ ಚಿತ್ರದಲ್ಲಿ ಹುಡುಕಿದ ರಸ ಬೇರೆ, ಚಿತ್ರ ಬಡಿಸಲು ಹೊರಟ ರಸ ಬೇರೆ ಎಂದು ನನಗನ್ನಿಸುತ್ತದೆ.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಪಾಂಡವರ ಒಡ್ಡೋಲಗವನ್ನು ನೆನಪಿಸಿಕೊಳ್ಳಿ. ಐವರೂ ತೆರೆಯ ಮರೆಯಿಂದ ರಂಗಸ್ಥಳಕ್ಕೆ ಬಂದು ಕುಣಿದು ತಮ್ಮ ಪರಿಚಯ ಹೇಳಿಕೊಳ್ಳುವಷ್ಟು ಹೊತ್ತು ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲ, ಆದರೂ ಅದು ಆಟದ ಬಹು ಸೊಗಸಿನ ಭಾಗ. ಈ ಚಿತ್ರದ ಮೊದಲ ಭಾಗವೆಲ್ಲ ಅಂಥದೇ ಒಡ್ಡೋಲಗ. ಜೇಬುಗಳ್ಳ, ಸಿಡಿಮದ್ದಿನ ಪರಿಣತ, ಸರ್ಕಸ್ಸಿನ ಲಾಗಪಟು, ಒಬ್ಬರ ಮೇಲೊಬ್ಬರು ಸಿಡುಕುತ್ತಲೇ ಇರುವ ಅಣ್ಣತಮ್ಮಂದಿರು, ಹೀಗೆ ಒಬ್ಬೊಬ್ಬನೂ ತನ್ನ ವಿದ್ಯೆಯನ್ನು ತೋರಿಸಿಕೊಂಡೇ ಒಳಗೆ ಬರುತ್ತಾನೆ. ಗೆಲ್ಲುವವರು ಯಾರೆಂದು ಪ್ರಸಂಗದ ಹೆಸರು ಕೇಳಿದಾಗಲೇ ನಮಗೆ ಗೊತ್ತಿರುತ್ತದೆ. ಹಾಗಿದ್ದೂ ಬೆಳಗಿನವರೆಗೆ ಕೂತು ನೋಡುವುದು, ಹೇಗೆ ಗೆಲ್ಲುತ್ತಾರೆ ಎಂಬುದಕ್ಕಾಗಿ.

ಇನ್ನು, ತಾರೆಯರನ್ನು ಒಟ್ಟು ಹಾಕಿದರೆ ಸಾಕು, ಆಟ ರಂಜಿಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಮೇಳಗಳ ಘಟಾನುಘಟಿಗಳನ್ನು ಸೇರಿಸಿದ ಕೂಡಾಟ ನೀರಸವಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಏಕೆಂದರೆ ಎಲ್ಲರೂ ತಮ್ಮ ಪಾತ್ರವನ್ನು ಎಳೆದು ಎಳೆದು ಪ್ರಸಂಗವನ್ನೇ ಮರೆತಿದ್ದರು. ಇಲ್ಲಿ ಹಾಗಾಗದಂತೆ ನಿರ್ದೇಶಕರು ಭಾಗವತನ ಹಾಗೆ ತಾಳವನ್ನು ಬಿಗಿಯಾಗಿ ಹಿಡಿದಿದ್ದಾರೆ. ಪೀಟರ್ ಆ್ಯಂಡ್ರೂಸ್ ಎಂಬ ಹೆಸರಿನಲ್ಲಿ ಈ ಚಿತ್ರದ ಛಾಯಾಗ್ರಹಣ ಮಾಡಿದವರೂ ಅವರೇ. ರಾತ್ರಿ ಬಾರಿನಲ್ಲಿ ಡ್ಯಾನಿ (ಕ್ಲೂನಿ) ಮತ್ತು ಅವನ ಗೆಳೆಯ ರಸ್ಟಿ (ಬ್ರಾಡ್ ಪಿಟ್) ಕೂತಿರುವ ದೃಶ್ಯವನ್ನು ಇನ್ನೊಮ್ಮೆ ಗಮನಿಸಿ. ಹತ್ತು ಮಂದಿ ಸಾಕೇ ಎಂದು ಡ್ಯಾನಿ ಕೇಳುತ್ತಾನೆ, ರಸ್ಟಿ ತುಟಿ ಬಿಚ್ಚುವುದಿಲ್ಲ. ಅವನ ಮೌನಕ್ಕೆ ಡ್ಯಾನಿಯೇ ಅರ್ಥ ಹಚ್ಚಿಕೊಂಡು, ಇನ್ನೊಬ್ಬ ಬೇಕು ಎಂದು ತಾನೇ ತೀರ್ಮಾನಿಸುತ್ತಾನೆ. ಜಗತ್ತೇ ಗುರುತಿಸುವ ನಟನೊಬ್ಬ ಒಂದಿಡೀ ದೃಶ್ಯದಲ್ಲಿ ಮಾತಿಲ್ಲದೆ ಕೂರಲು ಒಪ್ಪಿದ್ದಾನೆ, ಮತ್ತು ಅಷ್ಟರಿಂದಲೇ ಆ ಇಬ್ಬರ ಎಷ್ಟೋ ವರ್ಷಗಳ ಸ್ನೇಹ ನಮಗೆ ತಿಳಿದುಬಿಡುತ್ತದೆ.

ಭಯವೇ ಇಲ್ಲ ಎಂಬುದಕ್ಕೂ ಒಂದು ಉತ್ತರವಿದೆ. ಕಾರ್ಲ್ ರೈನರ್ ಮಾಡಿದ ಮುದುಕ ಸಾಲ್, ಆಯುಧ ವ್ಯಾಪಾರಿಯ ವೇಷದಲ್ಲಿ ಕ್ಯಾಸಿನೊದ ಕಾವಲು ಕೋಣೆಯಲ್ಲಿ ಕೂತಿದ್ದು, ಪರದೆಗಳನ್ನು ನೋಡುತ್ತ ನೋಡುತ್ತ ಕುಸಿದು ಬೀಳುತ್ತಾನೆ. ಅದು ಯೋಜನೆಯ ಭಾಗವೋ, ಮುದುಕನ ಎದೆ ನಿಜಕ್ಕೂ ಕೈಕೊಟ್ಟಿತೋ ಎಂದು ನಾನು ಮೊದಲ ಸಲ ನೋಡಿದಾಗ ಕುರ್ಚಿಯ ತುದಿಗೆ ಬಂದಿದ್ದೆ. ವೇಷ ಕಟ್ಟುವ ಚೌಕಿಯಲ್ಲಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ ಹಿರಿಯ ಕಲಾವಿದರು ಕಿರೀಟ ಕಟ್ಟಿದೊಡನೆ ಬೇರೆಯೇ ಮನುಷ್ಯರಾಗುವುದನ್ನು ಕಂಡವರಿಗೆ ಆ ಪಾತ್ರ ಮನಸ್ಸಿಗೆ ತಾಗದೆ ಇರದು.

ವಿದ್ಯುತ್ ಕೆಲಸದವ (ಕದ್ರಾ):

ಚಿತ್ರ ನನಗೂ ಹಿಡಿಸಿತು, ಆದರೆ ಒಂದು ಕಡೆ ಮಾತ್ರ ನನ್ನ ವೃತ್ತಿ ಅಡ್ಡ ಬಂತು. ತಂಡದವರು ‘ಪಿಂಚ್’ ಎಂಬ ಯಂತ್ರವನ್ನು ಕದ್ದು ವ್ಯಾನಿನಲ್ಲಿಟ್ಟುಕೊಂಡು ಬಂದು ಇಡೀ ಲಾಸ್ ವೇಗಸ್ಸಿನ ದೀಪಗಳನ್ನು ಕೆಲವು ಕ್ಷಣ ಆರಿಸುತ್ತಾರೆ, ಆಮೇಲೆ ಊರಿಗೆ ಊರೇ ಮೊದಲಿನಂತೆ ಬೆಳಗುತ್ತದೆ. ಅಷ್ಟು ತೀವ್ರವಾದ ವಿದ್ಯುತ್ಕಾಂತೀಯ ತರಂಗ ಹೊಮ್ಮಿದರೆ ತಂತಿಗಳಲ್ಲಿ ದಿಢೀರನೆ ವಿಪರೀತ ವೋಲ್ಟೇಜ್ ಹುಟ್ಟಿ, ಕಂಪ್ಯೂಟರ್, ಕ್ಯಾಮೆರಾಗಳಂಥ ಸೂಕ್ಷ್ಮ ಸರ್ಕ್ಯೂಟ್‌ಗಳು ಸುಟ್ಟೇ ಹೋಗುತ್ತವೆ, ಸ್ವಿಚ್ ಹಾಕಿದಂತೆ ಮರಳಿ ಹೊತ್ತಿಕೊಳ್ಳುವುದಿಲ್ಲ. ದೊಡ್ಡ ಊರಿನ ಲೋಡ್ ಒಮ್ಮೆಲೇ ಬಿದ್ದರೆ ಅದನ್ನು ಮತ್ತೆ ಎತ್ತಿಕೊಳ್ಳುವ ಕೆಲಸವೂ ಹಂತ ಹಂತವಾಗಿ, ಊರಿನ ಒಂದೊಂದು ಭಾಗಕ್ಕೆ ವಿದ್ಯುತ್ ಒಯ್ಯುವ ಒಂದೊಂದೇ ಫೀಡರ್ ಚಾರ್ಜ್ ಮಾಡಿಕೊಂಡು ನಡೆಯಬೇಕು. ನಮ್ಮ ಕಾಳಿ ಕಣಿವೆಯಲ್ಲಿ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೂ ಎಷ್ಟು ಹೊತ್ತು ಕತ್ತಲಲ್ಲಿ ಕೂರಬೇಕೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಇದರಿಂದ ಚಿತ್ರ ಕೆಟ್ಟದಾಯಿತು ಎನ್ನಲಾರೆ. ಆದರೆ ಬುದ್ಧಿವಂತರ ಕಥೆ ಎಂದು ಹೇಳಿಕೊಂಡ ಮೇಲೆ ಇಂಥ ಕಡೆ ಇನ್ನಷ್ಟು ಎಚ್ಚರ ಬೇಕಿತ್ತು. ಇದಕ್ಕಿಂತ, ಸ್ಫೋಟಕದ ರಿಮೋಟ್ ಕೆಲಸ ಮಾಡದೆ, ಬ್ಯಾಟರಿ ಸತ್ತಿದೆಯೆಂದು ತಿಳಿದು ಅದನ್ನು ಬದಲಾಯಿಸುವಷ್ಟರಲ್ಲಿ, ಒಳಗಿರುವ ಲಾಗಪಟು ಯೆನ್‌ನ ಕೈಯ ಬ್ಯಾಂಡೇಜು ಖಜಾನೆಯ ಬಾಗಿಲಿಗೆ ಸಿಕ್ಕಿಕೊಂಡಿರುವ ದೃಶ್ಯ ನೂರು ಪಾಲು ನಿಜವೆನಿಸುತ್ತದೆ. ದೊಡ್ಡ ಕೆಲಸಗಳು ಅಂಥ ಚಿಕ್ಕ ಬ್ಯಾಟರಿಯಲ್ಲೇ ನಿಂತುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬನವಾಸಿ ರಸ್ತೆಯ ಓದುಗಿ (ಶಿರಸಿ):

ಹೊನ್ನಾವರದ ಹಿರಿಯರ ಒಡ್ಡೋಲಗದ ಮಾತು ಚೆನ್ನಾಗಿದೆ. ಆದರೆ ಆ ಒಡ್ಡೋಲಗದಲ್ಲಿ ಸ್ತ್ರೀವೇಷಕ್ಕೆ ಸಿಕ್ಕ ಪದ್ಯವೆಷ್ಟು ಎಂದು ನಾನು ಕೇಳಬೇಕಾಗಿದೆ. ಜೂಲಿಯಾ ರಾಬರ್ಟ್ಸ್ ಅದೇ 2001ರಲ್ಲಿ ‘ಎರಿನ್ ಬ್ರಾಕೊವಿಚ್’ ಚಿತ್ರಕ್ಕೆ ಶ್ರೇಷ್ಠ ನಟಿಯ ಆಸ್ಕರ್ ಪಡೆದವರು, ಆ ಚಿತ್ರದ ನಿರ್ದೇಶಕರೂ ಸೋಡರ್‌ಬರ್ಗ್ ಅವರೇ. ಆಕೆಗೆ ಏನು ಸಾಧ್ಯವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಿದ್ದೂ ಇಲ್ಲಿ ಟೆಸ್ ಎಂಬ ಪಾತ್ರ ಡ್ಯಾನಿಯ ಮಾಜಿ ಹೆಂಡತಿಯಾಗಿ, ಕ್ಯಾಸಿನೊ ಒಡೆಯ ಬೆನೆಡಿಕ್ಟ್‌ನ ಈಗಿನ ಗೆಳತಿಯಾಗಿ, ಇಬ್ಬರು ಗಂಡಸರ ನಡುವಿನ ಪಂದ್ಯದ ವಸ್ತುವಾಗಿ ಉಳಿಯುತ್ತದೆ. ಹಣ ಮರಳಿ ಸಿಗುವುದಾದರೆ ಅವಳನ್ನು ಬಿಟ್ಟುಕೊಡುತ್ತೇನೆ ಎಂದು ಬೆನೆಡಿಕ್ಟ್ ಒಪ್ಪಿದ್ದನ್ನು ಅವಳು ಟಿವಿ ಪರದೆಯಲ್ಲಿ ನೋಡುತ್ತಾಳೆ. ಆ ಕ್ಷಣದಲ್ಲಿ ನಟಿಯ ಮುಖದಲ್ಲಿ ಮೂಡುವ ಭಾವ ಅದ್ಭುತವಾಗಿದೆ, ನಿಜ. ಆದರೆ ತನ್ನನ್ನು ಗೆಲ್ಲಲು ಇಂಥ ಬಲೆ ಹೆಣೆದ ಡ್ಯಾನಿಯ ಬಗ್ಗೆ ಅವಳಿಗೆ ಒಂದು ಪ್ರಶ್ನೆಯೂ ಏಳದೆ ಹೋದದ್ದು ನನಗೆ ಇಂದಿಗೂ ನುಂಗಲಾರದ ತುತ್ತು.

ಇನ್ನೊಂದು ಮಾತು. ಇದು ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶನದ, ಫ್ರ್ಯಾಂಕ್ ಸಿನಾಟ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್ ನಟಿಸಿದ 1960ರ ಚಿತ್ರದ ಮರುನಿರ್ಮಾಣ. ಹಳೆಯದರ ನಡೆ ಬಹಳ ನಿಧಾನ, ಮಧ್ಯೆ ನನಗೆ ಆಕಳಿಕೆ ಬಂದದ್ದೂ ಉಂಟು. ಆದರೆ ಅದರಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಐದು ಕ್ಯಾಸಿನೊಗಳಿಂದ ದೋಚಿದ ಹಣವನ್ನು ಅವರು ಸತ್ತ ಜೊತೆಗಾರನ ಶವಪೆಟ್ಟಿಗೆಯಲ್ಲಿ ಬಚ್ಚಿಡುತ್ತಾರೆ, ಪೆಟ್ಟಿಗೆ ಹೂಳುವ ಬದಲು ದಹನಕ್ಕೆ ಹೋಗುತ್ತದೆ, ಹಣವೆಲ್ಲ ಬೂದಿಯಾಗುತ್ತದೆ, ಎಲ್ಲರೂ ಬರಿಗೈಯಲ್ಲಿ ಬೀದಿಯಲ್ಲಿ ನಡೆದುಹೋಗುತ್ತಾರೆ. ಮಾಸ್ತರರು ಹುಡುಕಿದ ಆ ಭಾರ ಅಲ್ಲಿದೆ. ಹೊಸ ಚಿತ್ರದಲ್ಲಿ ಹನ್ನೊಂದು ಮಂದಿಗೂ ಪಾಲು ಸಿಗುತ್ತದೆ, ಡ್ಯಾನಿಗೆ ಕೆಲವೇ ತಿಂಗಳ ಸೆರೆ, ಹೊರಬಂದರೆ ಟೆಸ್ ಕಾಯುತ್ತಿರುತ್ತಾಳೆ. ಇಷ್ಟು ಅಗ್ಗವಾಗಿ ಗೆದ್ದದ್ದು ನೆನಪಿನಲ್ಲಿ ಎಷ್ಟು ದಿನ ನಿಂತೀತು?

ಸದಾಶಿವಗಡದವ:

ನಾನು ಕೆಲವು ವರ್ಷ ಪಣಜಿಯಲ್ಲಿ, ಮಾಂಡವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ಡೀಲರ್ ಆಗಿ, ಅಂದರೆ ಜೂಜಿನ ಮೇಜಿನಲ್ಲಿ ಎಲೆ ಹಂಚುವವನಾಗಿ, ಕೆಲಸ ಮಾಡಿದವನು. ನಮ್ಮ ಕಡೆಯಿಂದ ಗೋವೆಗೆ ದುಡಿಯಲು ಹೋಗುವವರು ಬಹಳ ಮಂದಿ ಇದ್ದಾರೆ, ಹಾಗಾಗಿ ಈ ಚಿತ್ರವನ್ನು ನಾನು ಮೇಜಿನ ಆಚೆಯ ಕಡೆಯಿಂದ ನೋಡಿದೆ ಎಂದರೆ ತಪ್ಪಾಗದು.

ಮೇಜು ಬಿಟ್ಟು ಏಳುವಾಗ ಡೀಲರ್ ಎರಡೂ ಅಂಗೈಗಳನ್ನು ಒಮ್ಮೆ ತಟ್ಟಿ, ಮೇಲೆ ಕೆಳಗೆ ತಿರುಗಿಸಿ, ತಲೆಯ ಮೇಲಿನ ಕ್ಯಾಮೆರಾಕ್ಕೆ ಕಾಣುವಂತೆ ತೋರಿಸಬೇಕು. ಬೆರಳ ಸಂದಿಯಲ್ಲಿ ಹಣದ ಬದಲು ಬಳಸುವ ಬಿಲ್ಲೆ, ಅಂದರೆ ಚಿಪ್, ಒಂದು ಕೂಡ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಊಟದ ತಟ್ಟೆ ಬಿಟ್ಟು ಏಳುವಾಗ ನನ್ನ ಕೈಗಳು ತಾವಾಗಿಯೇ ಹಾಗೆ ತಿರುಗುತ್ತಿದ್ದವು, ಅದನ್ನು ನೋಡಿ ಆಯಿ ಏನಾಯಿತು ಮಗಾ ಎಂದು ಕೇಳುತ್ತಿದ್ದಳು. ದಿನವಿಡೀ ತನ್ನನ್ನು ಕಳ್ಳನಲ್ಲವೆಂದು ತೋರಿಸಿಕೊಳ್ಳುತ್ತಲೇ ಇರಬೇಕಾದ ಕೆಲಸ ಅದು.

ಆದ್ದರಿಂದ ಬರ್ನಿ ಮ್ಯಾಕ್ ಮಾಡಿದ ಡೀಲರ್ ಫ್ರ್ಯಾಂಕ್‌ನ ಮೇಲೆ ನನಗೆ ವಿಶೇಷ ಪ್ರೀತಿ. ಕ್ಯಾಸಿನೊಗಳ ಮೇಲೆ ಕಣ್ಣಿಡುವ ಗೇಮಿಂಗ್ ಕಮಿಷನ್ನಿನ ಅಧಿಕಾರಿಯ ವೇಷದಲ್ಲಿ ಬಂದ ಜೇಬುಗಳ್ಳ ಲೈನಸ್ (ಮ್ಯಾಟ್ ಡೇಮನ್) ಅವನ ಹಳೆಯ ಅಪರಾಧಗಳನ್ನು ಒಡೆಯನ ಎದುರು ಬಿಚ್ಚಿಡುತ್ತಾನೆ, ಇಬ್ಬರೂ ಬೇಕೆಂದೇ ಜಗಳಕ್ಕೆ ಬೀಳುತ್ತಾರೆ, ಆ ಗಲಾಟೆಯ ನಡುವೆ ಲೈನಸ್ ಒಡೆಯನ ಜೇಬಿನಿಂದ ಖಜಾನೆಯ ಸಂಕೇತಗಳನ್ನು ಎಗರಿಸುತ್ತಾನೆ. ಎಲ್ಲರ ಅನುಮಾನ ಸದಾ ಡೀಲರನ ಮೇಲೇ ಇರುತ್ತದೆ ಎಂಬುದನ್ನೇ ಆಯುಧ ಮಾಡಿಕೊಂಡ ದೃಶ್ಯ ಅದು. ಬರೆದವರು ಮೇಜಿನ ಈಚೆಯ ಬದುಕನ್ನು ಬಲ್ಲವರು ಎಂದು ಆಗ ನನಗನ್ನಿಸಿತು.

ನನ್ನ ಆಕ್ಷೇಪವೂ ಅಲ್ಲಿಂದಲೇ ಹುಟ್ಟುತ್ತದೆ. ನಾನು ಕೆಲಸ ಮಾಡುತ್ತಿದ್ದಲ್ಲಿ ಒಂದು ರಾತ್ರಿ ಲೆಕ್ಕದಲ್ಲಿ ಸ್ವಲ್ಪ ಹಣ ಕಡಿಮೆ ಬಂದದ್ದಕ್ಕೆ ನಮ್ಮ ಪಾಳಿಯವರನ್ನೆಲ್ಲ ಬೆಳಗಿನವರೆಗೆ ನಿಲ್ಲಿಸಿ ವಿಚಾರಿಸಿದ್ದರು. ಕೊನೆಗೆ ಎಣಿಕೆಯ ತಪ್ಪೆಂದು ತಿಳಿಯಿತು, ಆದರೆ ಕ್ಷಮೆ ಕೇಳಿದವರು ಯಾರೂ ಇಲ್ಲ. ಇಲ್ಲಿ ಅಷ್ಟು ಕೋಟಿ ಹಣ ಹೋದ ಮಾರನೆಯ ಬೆಳಿಗ್ಗೆ ಆ ಕಾವಲಿನವರನ್ನು, ಎಣಿಕೆಯವರನ್ನು ಏನು ಮಾಡಿದರು? ನಷ್ಟ ಒಡೆಯನದು ಮಾತ್ರ, ಅವನು ಅಹಂಕಾರಿ, ಆದ್ದರಿಂದ ನಾವು ಸಂತೋಷಪಡಬಹುದು ಎಂದು ಚಿತ್ರ ನಂಬಿಸುತ್ತದೆ. ನನಗೆ ಅಷ್ಟು ಸಂತೋಷಪಡಲು ಆಗಲಿಲ್ಲ.

ಕೋಡಿಬಾಗ ವಾಸಿ (ಕಾರವಾರ):

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸದಾಶಿವಗಡದವರ ಮಾತನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಸೇತುವೆ ದಾಟಿದರೆ ಸಿಗುವ ಊರಿನವರು ತಾವು, ಮುಂದಿನ ತಿಂಗಳು ನಮ್ಮ ಜೊತೆ ಬಂದು ಕೂರಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮೆಲ್ಲರ ಉತ್ತರಗಳನ್ನು ಮಾಸ್ತರರಿಗೆ ಓದಿ ಹೇಳಿ, ನಿನ್ನೆ ಸಂಜೆ ಇಬ್ಬರೇ ಕೂತು ಕೊನೆಯ ಅರ್ಧ ಗಂಟೆಯನ್ನು ಮತ್ತೆ ನೋಡಿದೆವು. ಖಜಾನೆಯ ನೆಲದ ಮೇಲೆ ಹೊಸದಾಗಿ ಹಾಕಿಸಿದ ಬೆಲಾಜಿಯೊ ಎಂಬ ಹೆಸರು ತಾನು ನೋಡಿದ ದೃಶ್ಯದಲ್ಲಿ ಇರಲೇ ಇಲ್ಲ ಎಂದು ಬೆನೆಡಿಕ್ಟ್‌ಗೆ ಹೊಳೆದು, ತನಗೆ ತೋರಿಸಿದ್ದು ಬೇರೆಲ್ಲೋ ನಕಲಿ ಖಜಾನೆ ಕಟ್ಟಿ ಮೊದಲೇ ಚಿತ್ರಿಸಿಟ್ಟ ಟೇಪು ಎಂದು ಅರ್ಥವಾಗುವ ಕಡೆ ಮಾಸ್ತರರು ಮುಂದಕ್ಕೆ ಬಾಗಿ ಕೂತರು. ಮೊದಲ ಸಲ ಅದು ಅವರ ಕಣ್ಣು ತಪ್ಪಿತ್ತಂತೆ. ಆದರೆ ಕೂಡಲೇ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ವ್ಯಾನಿಗೆ ತುಂಬಿಸಿದ ಚೀಲಗಳಲ್ಲಿ ಹಣದ ಬದಲು ಇದ್ದ ಕರಪತ್ರಗಳ ರಾಶಿಯನ್ನು ನಿಜವಾದ ಖಜಾನೆಯ ಒಳಗೆ ಒಯ್ದವರು ಯಾರು, ಹೇಗೆ? ಚಿತ್ರದಲ್ಲಿ ಇದಕ್ಕೆ ಎಲ್ಲಿಯೂ ವಿವರಣೆ ಕಾಣಲಿಲ್ಲ.

ಕೊನೆಗೆ ಬೆಲಾಜಿಯೊ ಎದುರಿನ ಕಾರಂಜಿಯ ಮುಂದೆ ತಂಡದವರು ಸಾಲಾಗಿ ನಿಂತು, ಡೆಬ್ಯುಸಿಯ ಸಂಗೀತ ಕೇಳಿಸುತ್ತಿರುವಾಗ, ಒಂದು ಮಾತೂ ಆಡದೆ ಒಬ್ಬೊಬ್ಬರಾಗಿ ಹೊರಟುಹೋಗುವ ದೃಶ್ಯವನ್ನು ಅವರು ಎರಡು ಸಲ ಹಾಕಿಸಿಕೊಂಡು ನೋಡಿದರು. ಅಭಿಪ್ರಾಯ ಬದಲಾಯಿತೇ ಎಂದು ಕೇಳಿದೆ. ಚಿತ್ರದ ಬಗ್ಗೆ ಬದಲಾಗಿಲ್ಲ, ಈ ದೃಶ್ಯದ ಬಗ್ಗೆ ಬದಲಾಗಿದೆ ಎಂದರು. ಮುಂದಿನ ತಿಂಗಳು ಅವರ ಮನೆಯ ಸರದಿ, ಶಿರಸಿಯವರು ಹೇಳಿದ 1960ರ ಚಿತ್ರವನ್ನೇ ಹಾಕುವುದಾಗಿ ನಿಶ್ಚಯಿಸಿದ್ದಾರೆ.