ನೀರಿನ ವಿದ್ಯುದ್ವಿಭಜನೆ: 2:1 ಯಾಕೆ ಬರ್ತಿಲ್ಲ?

ಹೈಸ್ಕೂಲ್_ವಿಜ್ಞಾನ:
ಹತ್ತನೇ ತರಗತಿಗೆ ನೀರಿನ ವಿದ್ಯುದ್ವಿಭಜನೆ ಮಾಡಿ ತೋರಿಸಬೇಕು, ಅಂದರೆ ವಿದ್ಯುತ್ ಹರಿಸಿ ನೀರನ್ನು ಒಡೆಯೋದು. ಮೈನಸ್ ಕಡೆ ಹೈಡ್ರೋಜನ್ ಎರಡು ಪಾಲು, ಪ್ಲಸ್ ಕಡೆ ಆಕ್ಸಿಜನ್ ಒಂದು ಪಾಲು ಬರಬೇಕು. ಪ್ಲಾಸ್ಟಿಕ್ ಡಬ್ಬಿ, ತಳದಿಂದ ತೂರಿಸಿದ ಎರಡು ಪೆನ್ಸಿಲ್, 9 ವೋಲ್ಟ್ ಬ್ಯಾಟರಿ, ನೀರಿಗೆ ಎರಡು ಚಮಚ ಅಡುಗೆ ಉಪ್ಪು. ಮೈನಸ್ ಕಡೆ ಗುಳ್ಳೆ ಜೋರಾಗಿದೆ, ಪ್ಲಸ್ ಕಡೆ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಬ್ಲೀಚಿಂಗ್ ಪೌಡರ್ ಥರ ವಾಸನೆ. ಲ್ಯಾಬಿನಲ್ಲಿ ಆಮ್ಲ ಇಲ್ಲ. ಏನು ಬದಲಿಸಬೇಕು?

ರಸಾಯನ_ಮೇಷ್ಟ್ರು:
ಮೊದಲು ಉಪ್ಪು ಬಿಡಿ ಸರ್. ಉಪ್ಪುನೀರಲ್ಲಿ ಪ್ಲಸ್ ಕಡೆ ಮುಖ್ಯವಾಗಿ ಹೊರಡೋದು ಕ್ಲೋರಿನ್. ಅದು ನೀರಲ್ಲಿ ಕರಗಿ, ಮೈನಸ್ ಕಡೆ ಹುಟ್ಟಿದ ಕ್ಷಾರದ ಜೊತೆ ಸೇರಿ ಹೈಪೋಕ್ಲೋರೈಟ್ (ಬ್ಲೀಚಿಂಗ್ ಪೌಡರ್‌ನಲ್ಲಿರೋ ಥರದ್ದೇ ವಸ್ತು) ಆಗುತ್ತೆ. ಗುಳ್ಳೆ ಕಾಣದಿರೋದಕ್ಕೂ ವಾಸನೆಗೂ ಅದೇ ಕಾರಣ. ಮಕ್ಕಳು ತುಂಬಿದ ಕೋಣೆಯಲ್ಲಿ ಕ್ಲೋರಿನ್ ಬೇಡವೇ ಬೇಡ.

ಬದಲಿಗೆ ವಾಷಿಂಗ್ ಸೋಡಾ: 200 ಮಿ.ಲೀ. ನೀರಿಗೆ ಸುಮಾರು 10 ಗ್ರಾಂ, ಪೂರ್ತಿ ಕರಗಬೇಕು. ಅಡುಗೆ ಸೋಡಾನೂ ನಡೆಯುತ್ತೆ, ಗುಳ್ಳೆ ನಿಧಾನ.

ಪ್ರನಾಳದ ಬದಲು 10 ಮಿ.ಲೀ. ಸಿರಿಂಜ್ ಎರಡು ತಗೊಳ್ಳಿ. ಒಳಗಿನ ದಂಡ ತೆಗೆದು ಮೂತಿಗೆ ಎಂ-ಸೀಲ್ ಹಾಕಿ, ರಾತ್ರಿಯಿಡೀ ಗಟ್ಟಿಯಾಗಲು ಬಿಡಿ. ದ್ರಾವಣ ತುಂಬಿ ಬೋರಲು ಹಾಕಿದರೆ ಸೊನ್ನೆ ಗೆರೆ ಮೇಲೆ ಬರುತ್ತೆ, ಅನಿಲ ಎಷ್ಟಿದೆ ಅಂತ ನೇರವಾಗಿ ಓದಬಹುದು. ಪೆನ್ಸಿಲ್ 4ಬಿ ಅಥವಾ 6ಬಿ ಇರಲಿ. ಎಚ್‌ಬಿಯಲ್ಲಿ ಜೇಡಿ ಜಾಸ್ತಿ, ವಿದ್ಯುತ್ ಅಷ್ಟು ಸಲೀಸಾಗಿ ಹರಿಯಲ್ಲ. ತಾಮ್ರದ ತಂತಿ ಡಬ್ಬಿಯ ಹೊರಗೇ ಇರಬೇಕು. ಪ್ಲಸ್ ಕಡೆ ದ್ರಾವಣಕ್ಕೆ ತಾಗಿದರೆ ತಾಮ್ರವೇ ಕರಗಿ ಹಸಿರು-ನೀಲಿ ಗಸಿ ಕೂರುತ್ತೆ.

ಪ್ರಯೋಗಶಾಲೆ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಇಷ್ಟು ಮಾಡಿದರೂ ಆಕ್ಸಿಜನ್ ಸ್ವಲ್ಪ ಕಮ್ಮಿಯೇ ಬರುತ್ತೆ. ಕಾರಣ ಎರಡು. ಒಂದು, ಆಕ್ಸಿಜನ್ ನೀರಲ್ಲಿ ಹೈಡ್ರೋಜನ್‌ಗಿಂತ ಹೆಚ್ಚು ಕರಗುತ್ತೆ. ಇದಕ್ಕೆ ಸಿರಿಂಜ್ ಇಡುವ ಮುಂಚೆ ಹತ್ತು ನಿಮಿಷ ಹಾಗೇ ವಿದ್ಯುತ್ ಹರಿಸಿ, ಅದೇ ದ್ರಾವಣವನ್ನು ಸಿರಿಂಜ್‌ಗೆ ತುಂಬಿ ಶುರು ಮಾಡಿ. ಇನ್ನೊಂದು, ಪ್ಲಸ್ ಕಡೆಯ ಇಂಗಾಲ ಒಂದಷ್ಟು ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಅದನ್ನು ಸೋಡಾ ದ್ರಾವಣ ಹೀರಿಬಿಡುತ್ತೆ. ತಳದಲ್ಲಿ ಕಪ್ಪು ಪುಡಿ ಕಂಡರೆ ಪೆನ್ಸಿಲ್ ಸವೆಯುತ್ತಿದೆ ಅಂತ ತಿಳೀರಿ. ಪೆನ್ಸಿಲ್‌ನಲ್ಲಿ ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಅನುಪಾತ 2ಕ್ಕಿಂತ ತುಸು ಮೇಲೇ ನಿಲ್ಲುತ್ತೆ. ಮಕ್ಕಳು ಬಂದ ಅಳತೆಯನ್ನೇ ಬರೆಯಲಿ, ತಿದ್ದಿಸಬೇಡಿ.

ಲೆಕ್ಕಕ್ಕೆ: 100 ಮಿಲಿಆಂಪಿಯರ್ 10 ನಿಮಿಷ ಹರಿದರೆ ಕೋಣೆಯ ಉಷ್ಣತೆಯಲ್ಲಿ ಹೈಡ್ರೋಜನ್ ಸುಮಾರು 7.5 ಮಿ.ಲೀ., ಆಕ್ಸಿಜನ್ 3.7. ಮಲ್ಟಿಮೀಟರ್ ಇದ್ದರೆ ಸರಣಿಯಲ್ಲಿ ಸೇರಿಸಿ ನೋಡಿ. ಆ ಚೌಕ ಬ್ಯಾಟರಿ ಬೇಗ ಸೋಲುತ್ತೆ. ಆರು ದೊಡ್ಡ ಟಾರ್ಚ್ ಸೆಲ್ ಸರಣಿಯಲ್ಲಿಟ್ಟರೆ ಅದೇ 9 ವೋಲ್ಟ್, ಬಾಳಿಕೆ ಜಾಸ್ತಿ. ಗೋಡೆಯ ಪ್ಲಗ್ಗಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ.

ಹೈಸ್ಕೂಲ್_ವಿಜ್ಞಾನ:
ಧನ್ಯವಾದ. ಸಿರಿಂಜ್‌ನಲ್ಲೇ ಅನಿಲ ಪರೀಕ್ಷೆ ಮಾಡಬಹುದಾ?

ರಸಾಯನ_ಮೇಷ್ಟ್ರು:
ಬೇಡ, ಪ್ಲಾಸ್ಟಿಕ್ ಕರಗುತ್ತೆ. ಪರೀಕ್ಷೆಗೆ ಇನ್ನೊಂದು ಸಲ ಸಣ್ಣ ಗಾಜಿನ ಪ್ರನಾಳದಲ್ಲಿ ಹಿಡೀರಿ. ಹೈಡ್ರೋಜನ್ ಹಗುರ, ಅದರ ಬಾಯಿ ಕೆಳಗೇ ಇರಲಿ. ಉರಿಯುವ ಕಡ್ಡಿ ತಂದರೆ ‘ಪಟ್’ ಅನ್ನುತ್ತೆ. ಆಕ್ಸಿಜನ್ ಪ್ರನಾಳದ ಬಾಯಿಗೆ ಹೆಬ್ಬೆರಳು ಒತ್ತಿ ಮೇಲಕ್ಕೆ ತಿರುಗಿಸಿ, ಬೆರಳು ತೆಗೆದ ಕೂಡಲೇ ಕೆಂಡ ಇರುವ ಊದುಬತ್ತಿ ಇಳಿಸಿ. ಕೆಂಡ ಪಳಕ್ಕನೆ ಹೊಳೆಯುತ್ತೆ. ಎರಡೂ ಅನಿಲ ಒಂದೇ ಪ್ರನಾಳದಲ್ಲಿ ಸೇರಬಾರದು, ಆ ಮಿಶ್ರಣ ಸಿಡಿಯುತ್ತೆ. ಕಣ್ಣಿಗೆ ಕನ್ನಡಕ ಕಡ್ಡಾಯ.